28ನೇ ತಾರೀಖಿನ ದೊಡ್ಡಮ್ಮ

ದೊಡ್ಡಮ್ಮ ಅಂದರೆ ನನ್ನೊಬ್ಬನ ದೊಡ್ಡಮ್ಮ ಅಂದುಕೊಳ್ಳಬೇಡಿ. ಮೈಸೂರಿನ ಒಂಟಿಕೊಪ್ಪಲಿನಲ್ಲಿ, ಬೆಂಗಳೂರಿನ ರಾಜಾಜಿನಗರದಲ್ಲಿ, ಮನೆ ಮುಂದೆ ಒಂದು ಮೊಳ ಮಣ್ಣಿದ್ದರೆ ಅಲ್ಲೊಂದು ಕರಿಬೇವಿನ ಗಿಡ ನೆಟ್ಟಿರುವ ಎಲ್ಲ ಬೀದಿಗಳಲ್ಲೂ ಇವರು ಇದ್ದಾರೆ. ಕೆಲವರ ಮನೆಯಲ್ಲಿ ಅತ್ತೆ, ಕೆಲವರಲ್ಲಿ ಚಿಕ್ಕಮ್ಮ, ಧಾರವಾಡದ ಕಡೆ ಕಾಕು. ವಯಸ್ಸು ಎಪ್ಪತ್ತರ ಆಚೆ ಈಚೆ. ಸೊಂಟದಲ್ಲೊಂದು ಪರ್ಸು, ಪರ್ಸಿನೊಳಗೆ ಮರಿ ಪರ್ಸು, ಅದರೊಳಗೆ ಎಂಟು ಮಡಿಕೆಯ ನೂರು ರೂಪಾಯಿ ನೋಟು. ಆ ನೋಟಿನ ಮಡಿಕೆಗಳನ್ನು ಅವರು ಒಂದೊಂದಾಗಿ ಬಿಡಿಸುವ ಹೊತ್ತಿಗೆ ತರಕಾರಿಯವನಿಗೆ ತಾಳ್ಮೆ ತಪ್ಪಿ ಐದು ರೂಪಾಯಿ ಬಿಟ್ಟಿರುತ್ತಾನೆ. ಮಡಿಕೆ ಇರುವುದೇ ಅದಕ್ಕೆ.

ಬೆನ್ನ ಹಿಂದೆ ಜನ ಇವರನ್ನು ಜಿಪುಣಿ ಅನ್ನುತ್ತಾರೆ. ಶುದ್ಧ ತಪ್ಪು. ಜಿಪುಣ ತಾನೂ ತಿನ್ನುವುದಿಲ್ಲ, ಇನ್ನೊಬ್ಬರಿಗೂ ಇಕ್ಕುವುದಿಲ್ಲ. ದೊಡ್ಡಮ್ಮ ಬಂದವರನ್ನು ಉಣ್ಣಿಸದೆ ಹೊಸಿಲು ದಾಟಿಸುವುದಿಲ್ಲ; ಏನು ಉಂಡಿರಿ ಅಂತ ಮಾತ್ರ ಹೇಳುವುದಿಲ್ಲ. "ಪಲ್ಯ ಭಾರಿ ಚೆನ್ನಾಗಿದೆ, ಯಾವ ತರಕಾರಿ ಇದು?" ಅಂತ ಕೇಳಿದ ಬೀಗರಿಗೆ "ಇನ್ನೊಂಚೂರು ಹಾಕ್ಕೊಳ್ಳಿ" ಎಂಬುದೇ ಉತ್ತರ. ಹಿಂದಿನ ದಿನ ಅದೇ ಬೀಗರಿಗೆ ಕಲ್ಲಂಗಡಿ ಹೆಚ್ಚಿಕೊಟ್ಟಿದ್ದರು. ಕೆಂಪು ಭಾಗ ಹೋಳಾಗಿ ತಟ್ಟೆಗೆ ಬಂದಿತ್ತು. ಹಸಿರು ಸಿಪ್ಪೆ ಹೆರೆದು ಉಳಿದ ಬಿಳಿ ಭಾಗ ಈವತ್ತು ಕಾಯಿತುರಿ ಹಾಕಿಸಿಕೊಂಡು ಎಲೆಗೆ ಬಂದಿದೆ. ಹೀರೆಕಾಯಿ ತಂದರೆ ತಿರುಳು ಹುಳಿಗೆ, ಸಿಪ್ಪೆ ಚಟ್ನಿಗೆ. ಕೊತ್ತಂಬರಿಯ ಎಲೆ ಸಾರಿಗೆ, ಕಡ್ಡಿಯೂ ಚಟ್ನಿಗೆ. ಹಲಸಿನ ಹಣ್ಣನ್ನು ಊರಿಗೆಲ್ಲ ಹಂಚಿ, ಬೀಜ ವಾಪಸ್ ಕಳಿಸಿ ಅಂತ ಹೇಳಿ ಕಳಿಸುತ್ತಾರೆ. ಹಿಂಡಿದ ನಿಂಬೆಯ ಹೋಳು ಉಪ್ಪಿನ ಜಾಡಿಗೆ. ಅಲ್ಲಿಗೂ ಬೇಡವಾದದ್ದು ಹಿತ್ತಾಳೆ ದೀಪ ತಿಕ್ಕುವುದಕ್ಕೆ. ಬೀದಿಯ ಹಸು ಎಲ್ಲರ ಮನೆ ಮುಂದೆಯೂ ನಿಲ್ಲುತ್ತದೆ, ಇವರ ಮನೆ ಮುಂದೆ ನಿಲ್ಲುವುದಿಲ್ಲ. ಅದಕ್ಕೂ ಅನುಭವ ಅಂತ ಒಂದಿದೆ.

ತರಕಾರಿ ಗಾಡಿಯ ಹತ್ತಿರ ಅವರನ್ನು ನೋಡಬೇಕು.

"ಬದನೆಕಾಯಿ ಹೆಂಗಪ್ಪಾ?"

"ಅರವತ್ತು ಅಮ್ಮ."

"ಅರವತ್ತಾ! ನೆನ್ನೆ ಮಾರ್ಕೆಟ್ಟಲ್ಲಿ ಇಪ್ಪತ್ತಕ್ಕೂ ಕೇಳೋರಿರ್ಲಿಲ್ಲ."

"ಹಂಗಾದ್ರೆ ಅಲ್ಲೇ ತಗೋಬೇಕಿತ್ತಮ್ಮಾ."

"ಯಾರೂ ಕೇಳದೇ ಇದ್ದಿದ್ದನ್ನ ನಾನ್ಯಾಕಪ್ಪಾ ತಗೊಳ್ಲಿ?"

ಇದಕ್ಕೆ ತರಕಾರಿಯವನ ಹತ್ತಿರ ಉತ್ತರವಿಲ್ಲ. ಅವನು ಯೋಚನೆ ಮಾಡುತ್ತಿರುವಾಗಲೇ ಕೊಸರು ಶುರುವಾಗುತ್ತದೆ. ಕೊಸರು ಅಂದರೆ ವ್ಯಾಪಾರ ಮುಗಿದ ಮೇಲೆ ಅಂಗಡಿಯವನು ಮೇಲಿಂದ ಹಾಕಿಕೊಡುವ ನಾಲ್ಕು ಎಸಳು ಕರಿಬೇವು, ಒಂದು ಚೂರು ಶುಂಠಿ. ಲೋಕಕ್ಕೆಲ್ಲ ಅದು ಕೊನೆಯಲ್ಲಿ. ದೊಡ್ಡಮ್ಮನಿಗೆ ಮೊದಲು. ಕರಿಬೇವು, ಎರಡು ಹಸಿಮೆಣಸಿನಕಾಯಿ, ಒಂದಿಷ್ಟು ಕೊತ್ತಂಬರಿ ಚೀಲಕ್ಕೆ ಬಿದ್ದ ಮೇಲೆ, "ಸರಿ, ಈಗ ಹೇಳು, ಯಾವುದು ಅಗ್ಗ?" ಎಂದು ವ್ಯಾಪಾರಕ್ಕೆ ಕೂರುತ್ತಾರೆ. ಮನೆಯಂಗಳದಲ್ಲಿ ಆಳೆತ್ತರದ ಕರಿಬೇವಿನ ಗಿಡ ಇದ್ದರೂ ಕೊಸರಿನ ಕರಿಬೇವು ಬಿಡುವುದಿಲ್ಲ. ಅದರ ರುಚಿಯೇ ಬೇರೆಯಂತೆ.

ಸೊಸೆ ಈಚೆಗೆ ಫೋನಿನಲ್ಲೇ ತರಕಾರಿ ತರಿಸುತ್ತಾಳೆ. ಹತ್ತು ನಿಮಿಷದಲ್ಲಿ ಹುಡುಗ ಬಾಗಿಲಲ್ಲಿ. ಮೊದಲ ಸಲ ಅವನು ಚೀಲ ಕೊಟ್ಟು ತಿರುಗಿದಾಗ ದೊಡ್ಡಮ್ಮ ತಡೆದು ನಿಲ್ಲಿಸಿದರು. "ಕರಿಬೇವೆಲ್ಲಪ್ಪಾ?" ಅವನು ಫೋನು ನೋಡಿ, "ನೀವು ಆರ್ಡರ್ ಮಾಡಿಲ್ಲ ಆಂಟಿ" ಅಂದ. "ಕೊಸರಿಗೂ ಆರ್ಡರಾ?" ಎಂದು ದೊಡ್ಡಮ್ಮ ಒಳಗೆ ಹೋಗಿ ಅವನಿಗೊಂದು ಲೋಟ ನೀರುಮಜ್ಜಿಗೆ ತಂದುಕೊಟ್ಟರು. ಅದರ ಮೇಲೆ ತೇಲುತ್ತಿದ್ದದ್ದು ಅವರದೇ ಗಿಡದ ಕರಿಬೇವು. ಕೊಸರು ಹೇಗಿರುತ್ತದೆ ಅಂತ ಹುಡುಗನಿಗೂ ಗೊತ್ತಾಗಲಿ ಅಂತ.

ಇವರ ಮನೆಗೆ ಕ್ಯಾಲೆಂಡರ್ ಬೇಕಿಲ್ಲ. ಸಾರು ನೋಡಿ ತಾರೀಖು ಹೇಳಬಹುದು. ಒಂದರಿಂದ ಏಳರವರೆಗೆ ಹುಳಿ, ಸೌಟು ನಿಲ್ಲಿಸಿದರೆ ನಿಲ್ಲುವಷ್ಟು ಬೇಳೆ, ಮೇಲೆ ತುಪ್ಪದ ಒಗ್ಗರಣೆ. ಹದಿನೈದು ದಾಟುತ್ತಿದ್ದಂತೆ ಬೇಳೆ ತಳಕ್ಕಿಳಿದು ಸಾರಾಗುತ್ತದೆ. ಇಪ್ಪತ್ತರ ಮೇಲೆ ತಿಳಿಸಾರು. ಬಟ್ಟಲಿನ ತಳದಲ್ಲಿ ಕೊರೆದ ದೊಡ್ಡಪ್ಪನ ಹೆಸರು ಸ್ಪಷ್ಟವಾಗಿ ಓದಬಹುದು. ಇಪ್ಪತ್ತೈದರಿಂದ ಬೇಳೆಯ ಸುದ್ದಿಯೇ ಇಲ್ಲ. ಗೊಜ್ಜು, ತಂಬುಳಿ, ಮಜ್ಜಿಗೆಹುಳಿ, ಮೆಣಸಿನ ಸಾರು. ಸೊಸೆ ಮದುವೆಯಾಗಿ ಬಂದ ಹೊಸದರಲ್ಲಿ ನೋಟ್‌ಬುಕ್ಕು ಹಿಡಿದುಕೊಂಡು ಅಡುಗೆ ಕಲಿಯಲು ಕೂತಿದ್ದಳು.

"ಅತ್ತೆ, ಸಾರಿಗೆ ಬೇಳೆ ಎಷ್ಟು ಹಾಕ್ಬೇಕು?"

"ಈವತ್ತು ಎಷ್ಟನೇ ತಾರೀಖು?"

ಅವಳು ನೋಟ್‌ಬುಕ್ಕು ಮುಚ್ಚಿಟ್ಟಳು.

ಇಲ್ಲೇ ಒಂದು ಗುಟ್ಟಿದೆ. ದೊಡ್ಡಮ್ಮನ ಮನೆಯ ಒಂದನೇ ತಾರೀಖಿನ ಹುಳಿ ಸಾಧಾರಣ. ಯಾರು ಬೇಕಾದರೂ ಮಾಡಬಹುದಾದದ್ದು. ಇಪ್ಪತ್ತೆಂಟನೇ ತಾರೀಖಿನ ಗೊಜ್ಜಿಗೆ ಮಾತ್ರ ಸಾಟಿಯಿಲ್ಲ. ಇಂಗು ತೆಂಗು ಇದ್ದರೆ ಮಂಗನೂ ಅಡುಗೆ ಮಾಡುತ್ತದೆ ಎಂಬ ಗಾದೆಯನ್ನು ಅವರು ಪಾಲಿಸುವುದೇ ಹೀಗೆ: ಇಂಗು ತೆಂಗು ಎರಡೂ ಇರುವ ದಿನ ಮನಸ್ಸು ಕೊಟ್ಟು ಅಡುಗೆ ಮಾಡುವುದಿಲ್ಲ. ಡಬ್ಬಿಯ ತಳ ಕಾಣಿಸಿದ ಮೇಲೆ ಸೆರಗು ಸಿಕ್ಕಿಸುತ್ತಾರೆ.

ಈ ವಿದ್ಯೆ ಅವರಿಗೆ ಹುಡುಗಿಯಾಗಿದ್ದಾಗಲೇ ಬಂದದ್ದು. 1965ರ ಸುಮಾರಿಗೆ ದೇಶದಲ್ಲಿ ಕಾಳಿಗೆ ತತ್ವಾರ. ಅಮೆರಿಕದಿಂದ ಹಡಗಿನಲ್ಲಿ ಗೋಧಿ ಬರಬೇಕು, ರೇಷನ್ ಅಂಗಡಿಯ ಮುಂದೆ ಚೀಲ ಹಿಡಿದು ನಿಲ್ಲಬೇಕು. ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಸೋಮವಾರ ಒಂದು ಹೊತ್ತು ಊಟ ಬಿಡಿ ಎಂದು ಜನರನ್ನು ಕೇಳಿಕೊಂಡರು. ದೊಡ್ಡಮ್ಮನ ತವರಿನಲ್ಲಿ ಅದನ್ನು ಭಕ್ತಿಯಿಂದ ನಡೆಸಿದರು. ಸೋಮವಾರ ರಾತ್ರಿ ಎಲೆ ಹಾಕುತ್ತಿರಲಿಲ್ಲ. ತಟ್ಟೆಯಲ್ಲಿ ಉಪ್ಪಿಟ್ಟು ಕೊಡುತ್ತಿದ್ದರು. "ಶಾಸ್ತ್ರಿಗಳು ಊಟ ಬಿಡಿ ಅಂದ್ರು, ಉಪ್ಪಿಟ್ಟು ಬಿಡಿ ಅನ್ಲಿಲ್ಲ" ಎಂದು ದೊಡ್ಡಮ್ಮನ ತಾಯಿ ತೀರ್ಪು ಕೊಟ್ಟಿದ್ದರಂತೆ. ಈ ಮನೆಯಲ್ಲಿ ಈಗಲೂ ಸೋಮವಾರ ರಾತ್ರಿ ಉಪ್ಪಿಟ್ಟೇ. ಮೊಮ್ಮಗ ಯಾಕೆ ಅಂತ ಕೇಳಿದರೆ, ದೇಶಕ್ಕೋಸ್ಕರ.

ಕೊರತೆಯ ಮೇಲೆ ಅವರಿಗೆ ಒಂದು ಸಿದ್ಧಾಂತವೂ ಇದೆ. ರವೆ ಇಡ್ಲಿ ಹೇಗೆ ಹುಟ್ಟಿತು ಅಂತ ಕೇಳುತ್ತಾರೆ. ಎರಡನೇ ಮಹಾಯುದ್ಧದಲ್ಲಿ ಬರ್ಮಾದ ಅಕ್ಕಿ ಬರುವುದು ನಿಂತಾಗ, ಮಾವಳ್ಳಿ ಟಿಫಿನ್ ರೂಮ್‌ನವರು ಅಕ್ಕಿಯ ಬದಲು ರವೆ ಹಾಕಿ ಇಡ್ಲಿ ಮಾಡಿ ನೋಡಿದ್ದು. ಹಾಗಂತ ಆ ಹೋಟೆಲಿನವರೇ ಹೇಳಿಕೊಂಡಿದ್ದಾರೆ. "ಅಕ್ಕಿ ಹೇರಳವಾಗಿ ಸಿಕ್ತಿದ್ರೆ ರವೆ ಇಡ್ಲಿ ಎಲ್ಲಿರ್ತಿತ್ತು? ಹೊಟ್ಟೆ ತುಂಬಿದೋರು ಹೊಸ ತಿಂಡಿ ಕಂಡುಹಿಡಿದಿದ್ದು ಒಂದು ತೋರ್ಸಿ ನೋಡೋಣ" ಎಂಬುದು ದೊಡ್ಡಮ್ಮನ ಸವಾಲು. ನಾನು ತೋರಿಸಲು ಹೋಗಿಲ್ಲ. ತೋರಿಸಿದರೆ ಊಟ ತಪ್ಪುತ್ತದೆ.

ದೊಡ್ಡಮ್ಮನ ಜೀವನದ ಮಹಾಕೃತಿ ಅಂದರೆ ಮುಷ್ಕರದ ಕಾಲದ ಅಡುಗೆ. ದೊಡ್ಡಪ್ಪ ಬೆಂಗಳೂರಿನ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಫಿಟ್ಟರ್. 1980ರ ಡಿಸೆಂಬರ್ ಕೊನೆಯಲ್ಲಿ ಎಚ್.ಎ.ಎಲ್., ಬಿ.ಇ.ಎಲ್., ಎಚ್.ಎಂ.ಟಿ., ಐ.ಟಿ.ಐ., ಬಿ.ಇ.ಎಂ.ಎಲ್. ನೌಕರರೆಲ್ಲ ಒಟ್ಟಿಗೆ ಕೆಲಸ ನಿಲ್ಲಿಸಿದರು. ಮುಷ್ಕರ 77 ದಿನ ನಡೆಯಿತು. ಅಷ್ಟೂ ದಿನ ಸಂಬಳ ಇಲ್ಲ. ಬಿ.ಎಚ್.ಇ.ಎಲ್.ನವರಿಗೆ ಸಮನಾದ ಸಂಬಳ ಬೇಕು ಎಂಬುದು ಬೇಡಿಕೆ. ದೊಡ್ಡಪ್ಪ ಬೆಳಿಗ್ಗೆ ಘೋಷಣೆ ಕೂಗಲು ಹೊರಟರೆ ದೊಡ್ಡಮ್ಮ ಬಾಗಿಲಿಗೆ ಬಂದು, "ರೀ, ಆ ಬಿ.ಎಚ್.ಇ.ಎಲ್.ನೋರ ಮನೇಲಿ ಈವತ್ತು ಏನು ಸಾರೂಂತ ಮೊದ್ಲು ಕೇಳ್ಕೊಂಡ್ ಬನ್ನಿ" ಅನ್ನುತ್ತಿದ್ದರು.

ಇದ್ದದ್ದು ವಠಾರ. ಪಕ್ಕದ ಮನೆಯವರು ಮಂಡ್ಯದ ಕಡೆಯವರು, ಎದುರಿನವರು ಧಾರವಾಡ, ಮೂಲೆ ಮನೆಯವರು ತೀರ್ಥಹಳ್ಳಿ. ಎಲ್ಲರ ಯಜಮಾನರೂ ಮುಷ್ಕರದಲ್ಲಿ. ಗಂಡಸರು ಗೇಟಿನ ಮುಂದೆ ಒಗ್ಗಟ್ಟು ಒಗ್ಗಟ್ಟು ಅಂತ ಕೂಗುತ್ತಿದ್ದಾಗ ಹೆಂಗಸರು ಇತ್ತ ಯಾವ ಕೂಗೂ ಇಲ್ಲದೆ ಒಗ್ಗಟ್ಟಾದರು. ಒಬ್ಬರ ಮನೆಯ ಸೀಮೆಎಣ್ಣೆ, ಇನ್ನೊಬ್ಬರ ಮನೆಯ ರಾಗಿಹಿಟ್ಟು, ಮತ್ತೊಬ್ಬರು ಊರಿನಿಂದ ತರಿಸಿದ ಹುಣಸೆಹಣ್ಣು. ಧಾರವಾಡದವರಿಂದ ದೊಡ್ಡಮ್ಮ ಜುಣಕ ಕಲಿತರು: ಒಂದು ಹಿಡಿ ಕಡಲೆಹಿಟ್ಟು ಇದ್ದರೆ ನಾಲ್ಕು ಜನಕ್ಕೆ ಮೇಲೋಗರ. ತೀರ್ಥಹಳ್ಳಿಯವರಿಂದ ತಂಬುಳಿ: ಹಿತ್ತಲಲ್ಲಿ ಹುಟ್ಟಿದ ಯಾವ ಸೊಪ್ಪಾದರೂ ಸರಿ, ತುಸು ಕಾಯಿ ಜೀರಿಗೆ ಜೊತೆ ಅರೆದು ಮಜ್ಜಿಗೆಯಲ್ಲಿ ಕದಡಿದರೆ ಮುಗಿಯಿತು, ಕುದಿಸುವ ಕೆಲಸವಿಲ್ಲ, ಸೀಮೆಎಣ್ಣೆ ಉಳಿತಾಯ.

ಆದರೆ ಕಿರೀಟ ಮಂಡ್ಯದವರ ಬಸ್ಸಾರಿಗೆ. ಅದನ್ನು ದೊಡ್ಡಮ್ಮ ಈಗಲೂ ಮಾಡುವುದನ್ನು ಹತ್ತಿರ ನಿಂತು ನೋಡಬೇಕು. ಹಲಸಂದೆ ಕಾಳು ಮುಕ್ಕಾಲು ಬೆಂದ ಮೇಲೆ ಹೆಚ್ಚಿದ ದಂಟಿನಸೊಪ್ಪು ಅದರ ಮೇಲೆ ಬೀಳುತ್ತದೆ. ಉಪ್ಪು. ಸೊಪ್ಪು ಮೆತ್ತಗಾಗುತ್ತಲೇ ಪಾತ್ರೆಯ ಬಾಯಿಗೆ ತಟ್ಟೆ ಒತ್ತಿಹಿಡಿದು ಬಗ್ಗಿಸುತ್ತಾರೆ. ಕಟ್ಟು ಒಂದು ಕಡೆ, ಕಾಳುಸೊಪ್ಪು ಒಂದು ಕಡೆ. ಕಾಳುಸೊಪ್ಪಿಗೆ ಬೆಳ್ಳುಳ್ಳಿ, ಒಣಮೆಣಸಿನಕಾಯಿ ಒಗ್ಗರಣೆ ಕೊಟ್ಟರೆ ಪಲ್ಯ. ಕೆಂಡದಲ್ಲಿ ಸುಟ್ಟ ಈರುಳ್ಳಿ (ಈಗ ಗ್ಯಾಸಿನ ಉರಿಯಲ್ಲಿ), ಬೆಳ್ಳುಳ್ಳಿ, ಮೆಣಸು, ಹುಣಸೆ, ಸಾರಿನ ಪುಡಿ, ಒಂದು ಚೂರು ಕಾಯಿ, ಜೊತೆಗೆ ಬೆಂದ ಕಾಳುಸೊಪ್ಪೇ ಒಂದು ಹಿಡಿ ಸೇರಿಸಿ ರುಬ್ಬಿ ಕಟ್ಟಿಗೆ ಹಾಕಿ ಕುದಿಸಿದರೆ ಸಾರು. ಒಂದು ಪಾತ್ರೆ, ಒಂದು ಉರಿ, ಎರಡು ಅಡುಗೆ. ಬೇಯಿಸಿದ ನೀರು ಕೂಡ ಚರಂಡಿ ಕಾಣುವುದಿಲ್ಲ. ಮಾರನೇ ದಿನಕ್ಕೆ ಅದರ ರುಚಿ ಇನ್ನೂ ಏರುತ್ತದೆ. ಬಡ್ಡಿ ಬರುವ ಸಾರು ಅದೊಂದೇ ಅಂತ ದೊಡ್ಡಪ್ಪ ಹೇಳುತ್ತಾರೆ.

ಇಲ್ಲಿ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ, ಹಾಸ್ಯಕ್ಕೆ ಹೊಂದದಿದ್ದರೂ ಪರವಾಗಿಲ್ಲ. ಆ ಮುಷ್ಕರದ ದಿನಗಳಲ್ಲಿ ಒಂದು ಹೊತ್ತೂ ಯಾರೂ ಹಸಿದು ಮಲಗಲಿಲ್ಲ ಎಂದು ದೊಡ್ಡಪ್ಪ ಹೆಮ್ಮೆಯಿಂದ ಹೇಳಿದಾಗಲೆಲ್ಲ ಅವರ ಮಗಳು ಸುಮ್ಮನೆ ತಾಯಿಯ ಮುಖ ನೋಡುತ್ತಾಳೆ. ಕಾಲು ಪಾವು ಬೇಳೆಯಲ್ಲಿ ಆರು ಜನ ಉಂಡರು ಅಂದರೆ ಲೆಕ್ಕ ಎಲ್ಲೋ ಒಂದು ಕಡೆ ಕಡಿಮೆ ಬಿದ್ದಿರಲೇಬೇಕು. ಅಡುಗೆಮನೆಯ ಉಳಿತಾಯ ಅಂತ ನಾವು ಹೊಗಳುವುದರಲ್ಲಿ ಅರ್ಧದಷ್ಟು ಕೊನೆಯಲ್ಲಿ ಉಣ್ಣುವವರ ತಟ್ಟೆಯಿಂದ ಬಂದದ್ದು. ಈ ಮಾತು ತೆಗೆದರೆ ದೊಡ್ಡಮ್ಮನಿಗೆ ಸಿಟ್ಟು ಬರುತ್ತದೆ. "ತಳದ ಸಾರೇ ಗಟ್ಟಿ ಇರೋದು, ನಿಮಗೇನು ಗೊತ್ತು" ಎಂದು ಮಾತು ಮುಗಿಸುತ್ತಾರೆ.

ಮುಷ್ಕರ ಮುಗಿಯಿತು. ಸಂಬಳ ಬಂತು. ಆ ದಿನ ದೊಡ್ಡಮ್ಮ ಗೋಡಂಬಿ, ತುಪ್ಪ, ಬಟಾಣಿ ಎಲ್ಲ ಸುರಿದು ಪಲಾವ್ ಮಾಡಿದರು. ತಳ ಹಿಡಿಯಿತು. ವಠಾರದ ಇತಿಹಾಸದಲ್ಲಿ ದೊಡ್ಡಮ್ಮನ ಕೈಯಲ್ಲಿ ಕೆಟ್ಟ ಮೊದಲ ಅಡುಗೆ ಅದು.

ಅಲ್ಲಿಂದ ಮುಂದೆ ಇದೇ ಕಥೆ. ದುಡ್ಡು ಬಂದಾಗ ಅವರ ಕೈ ನಡುಗುತ್ತದೆ. ದೊಡ್ಡಪ್ಪ ಸ್ವಯಂನಿವೃತ್ತಿ ತೆಗೆದುಕೊಂಡು ಒಂದೇ ಸಲಕ್ಕೆ ದೊಡ್ಡ ಚೆಕ್ಕು ತಂದಾಗ ಮನೆಯಲ್ಲಿ ಒಂದು ವಾರ ಊಟ ರುಚಿಸಲಿಲ್ಲ. ಉಪ್ಪು ಒಂದು ದಿನ ಜಾಸ್ತಿ, ಒಂದು ದಿನ ಇಲ್ಲವೇ ಇಲ್ಲ. ಕೊನೆಗೆ ದೊಡ್ಡಪ್ಪ ಆ ಹಣವನ್ನು ಐದು ವರ್ಷದ ಠೇವಣಿಗೆ ಹಾಕಿ, "ಇನ್ನು ಮುಟ್ಟೋ ಹಾಗಿಲ್ಲ ಕಣೇ" ಎಂದ ಮೇಲೆ ಸಾರು ಸರಿಹೋಯಿತು. ಮಗ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿ ಮೈಕ್ರೋವೇವ್ ತಂದಿಟ್ಟ. ಅದು ಇರುವೆ ಹತ್ತದ ಜಾಗ ಅಂತ ಹಪ್ಪಳ ಇಡಲು ಬಳಕೆಯಾಯಿತು. ಮಗನಿಗೆ ಇಷ್ಟ ಅಂತ ಒಮ್ಮೆ ಪನೀರ್ ಮಾಡಲು ಕೂತರು. ಒಲೆಯ ಮೇಲೆ ಹಾಲು ಕುದಿಯುತ್ತಿತ್ತು, ಕೈಯಲ್ಲಿ ನಿಂಬೆಹಣ್ಣಿತ್ತು. ಹಿಂಡಲಾಗಲಿಲ್ಲ. "ಹಾಲು ತಾನಾಗಿ ಒಡೆದ್ರೆ ಹಣೆಬರಹ. ಚೆನ್ನಾಗಿರೋ ಹಾಲನ್ನ ಕೈಯಾರೆ ಒಡೆಯೋದು ಯಾವ ಸೀಮೆ ಅಡುಗೆಯೋ?" ಆ ಹಾಲು ಕಾಫಿಗೆ ಹೋಯಿತು. ಪಲ್ಯಕ್ಕೆ ಆಲೂಗಡ್ಡೆ ಬಂತು.

ಕಾಫಿಯ ವಿಷಯವನ್ನೂ ಹೇಳಿಬಿಡಬೇಕು. ಮೊದಲ ಡಿಕಾಕ್ಷನ್ ನೆಂಟರಿಗೆ. ಎರಡನೆಯದು ಮನೆಯವರಿಗೆ. ಮೂರನೆಯದು ದೊಡ್ಡಪ್ಪನ ಜೊತೆ ಇಸ್ಪೀಟಾಡಲು ಬರುವ ಸ್ನೇಹಿತರಿಗೆ. ಆಟ ಬೇಗ ಮುಗಿಯುತ್ತದೆ.

2008ರಲ್ಲಿ ಅಮೆರಿಕದ ಬ್ಯಾಂಕುಗಳು ಮುಳುಗಿದ ಹೊಡೆತಕ್ಕೆ ಮಗನ ಕೆಲಸ ಹೋಯಿತು. ಮನೆಯೆಲ್ಲ ಸಪ್ಪಗಾಯಿತು. ದೊಡ್ಡಮ್ಮನೂ ದೇವರ ಮುಂದೆ ಕಣ್ಣೊರೆಸಿಕೊಂಡರು. ಒರೆಸಿಕೊಂಡು ಅಡುಗೆಮನೆಗೆ ಹೋದರು ನೋಡಿ, ಒಗ್ಗರಣೆಯ ಸದ್ದೇ ಬದಲಾಯಿತು. ವರ್ಷಗಳಿಂದ ಮಾಡದಿದ್ದ ಬಾಳೆದಿಂಡಿನ ಪಲ್ಯ, ಮಾವಿನ ಗೊರಟಿನ ಸಾರು, ಹುರುಳಿಕಾಳಿನ ಉಪ್ಸಾರು, ರಾತ್ರಿಯ ಅನ್ನ ಮಿಕ್ಕಿದ ಬೆಳಿಗ್ಗೆ ಚಿತ್ರಾನ್ನ, ಚಪಾತಿ ಮಿಕ್ಕರೆ ಅದನ್ನು ಮುರಿದು ಈರುಳ್ಳಿ ಒಗ್ಗರಣೆ, ದೋಸೆಹಿಟ್ಟು ಹುಳಿಯಾದ ದಿನ ಗುಂಡುಪಂಗಳ. ಕೆಲಸ ಇಲ್ಲದ ಕೆಲವೇ ತಿಂಗಳಲ್ಲಿ ಮಗನ ಪ್ಯಾಂಟು ಬಿಗಿಯಾಯಿತು. ಹೊಸ ಕಂಪನಿಯ ಸಂದರ್ಶನಕ್ಕೆ ಹೋದಾಗ ಅವನ ಮುಖದ ಕಳೆ ನೋಡಿ, ಇವನಿಗೆ ಕೆಲಸದ ಅಗತ್ಯ ಇದ್ದ ಹಾಗೆ ಕಾಣುವುದಿಲ್ಲ ಅಂದುಕೊಂಡಿರಬೇಕು. ಕೇಳಿದ್ದಕ್ಕಿಂತ ಹೆಚ್ಚು ಸಂಬಳ ಕೊಟ್ಟರು.

ಬೆಲೆ ಏರುವುದು ಉಳಿದವರಿಗೆ ಸುದ್ದಿ, ದೊಡ್ಡಮ್ಮನಿಗೆ ಪಂಥಾಹ್ವಾನ. 2015ರಲ್ಲಿ ತೊಗರಿಬೇಳೆ ಕೆ.ಜಿ.ಗೆ 200 ರೂಪಾಯಿಯ ಹತ್ತಿರ ಹೋದಾಗ ಹೆಸರುಬೇಳೆಗೆ ತಿರುಗಿಕೊಂಡು, "ಪಿತ್ತಕ್ಕೆ ಒಳ್ಳೇದು" ಅಂದರು. 2019ರ ಡಿಸೆಂಬರಿನಲ್ಲಿ ಬೆಂಗಳೂರಿನ ಅಂಗಡಿಗಳಲ್ಲಿ ಈರುಳ್ಳಿ 200 ಮುಟ್ಟಿದಾಗ ಪಕೋಡಕ್ಕೆ ಎಲೆಕೋಸು ಹೆಚ್ಚಿ ಹಾಕಿದರು. ತಿಂದವರಲ್ಲಿ ಒಬ್ಬರು ಈ ರೇಟಿನಲ್ಲೂ ಇಷ್ಟು ಈರುಳ್ಳಿ ಹಾಕಿದ್ದೀರಲ್ಲ ಎಂದು ನೊಂದುಕೊಂಡರು. 2023ರ ಜುಲೈಯಲ್ಲಿ ಟೊಮೇಟೊ ನೂರು ದಾಟಿತು. ಕೋಲಾರದ ಬೆಳೆಗಾರರಿಗೆ ಅಪರೂಪಕ್ಕೊಂದು ಸಲ ಕಾಸು ಕಂಡ ವರ್ಷ ಅದು. ಅವರಿಗೆ ಒಳ್ಳೆಯದಾಗಲಿ ಎಂದು ಹರಸಿ ದೊಡ್ಡಮ್ಮ ಹುಣಸೆಹಣ್ಣು ನೆನೆಹಾಕಿದರು.

"ಟೊಮೇಟೊ ಹೊರದೇಶದ್ದು ಕಣೋ. ನಮ್ಮ ಮುತ್ತಜ್ಜಿ ಕಾಲದೋರು ಅದಿಲ್ದೆ ಸಾರು ಮಾಡ್ತಿರ್ಲಿಲ್ವಾ?"

"ಮೆಣಸಿನಕಾಯಿನೂ ಹೊರದೇಶದ್ದೇ ದೊಡ್ಡಮ್ಮ."

"ಅದರ ರೇಟು ಏರ್ಲಿ, ಆಗ ನೋಡೋಣ."

ನಂದಿನಿ ಹಾಲಿನದು ಇನ್ನೊಂದು ಅಧ್ಯಾಯ. 2024ರ ಜೂನಿನಲ್ಲಿ ಪೊಟ್ಟಣಕ್ಕೆ 50 ಮಿಲಿಲೀಟರ್ ಹಾಲು ಹೆಚ್ಚಿಗೆ ತುಂಬಿ 2 ರೂಪಾಯಿ ಹೆಚ್ಚಿಗೆ ತೆಗೆದುಕೊಂಡರು. "ನಾನು ಕೇಳಿದ್ನಾ?" ಎಂದು ದೊಡ್ಡಮ್ಮ ಎರಡು ದಿನ ಗೊಣಗಿದರು. ಮೂರನೇ ದಿನ ಆ 50 ಮಿಲಿಲೀಟರನ್ನು ಅಳೆದು ಬೇರೆ ಬಟ್ಟಲಿಗೆ ತೆಗೆದು ಹೆಪ್ಪು ಹಾಕತೊಡಗಿದರು. ಆ ಮೊಸರಿನ ಲೆಕ್ಕವೇ ಪ್ರತ್ಯೇಕ. ಅದರಿಂದ ಬಂದ ಬೆಣ್ಣೆ ಕಾಯಿಸಿ ದೀಪಾವಳಿಯ ಹೋಳಿಗೆಗೆ ತುಪ್ಪ ಮಾಡಿದೆ ಅಂತ ಎಲ್ಲರಿಗೂ ತೋರಿಸಿದರು. 2025ರ ಏಪ್ರಿಲಿನಲ್ಲಿ ದರ 4 ರೂಪಾಯಿ ಏರಿ ಪೊಟ್ಟಣ ಮತ್ತೆ ಹಳೆಯ ಅಳತೆಗೆ ಬಂತು. ಎರಡು ರೂಪಾಯಿಗೆ ಅಷ್ಟು ಬೈದಿದ್ದವರು ಈಗ ರೇಟಿನ ಮಾತೇ ಆಡಲಿಲ್ಲ. "ನನ್ನ 50 ಎಲ್ಲಿ?" ಅಂತ ಹಾಲಿನ ಬೂತಿನವನನ್ನು ಕೇಳಿದರು.

ಇಷ್ಟೆಲ್ಲ ಉಳಿಸಿದ ದುಡ್ಡು ಎಲ್ಲಿ ಹೋಗುತ್ತದೆ? ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು 2016ರ ನವೆಂಬರ್ 8ರ ರಾತ್ರಿ. 500, 1000ದ ನೋಟು ನಡೆಯುವುದಿಲ್ಲ ಎಂದು ಪ್ರಧಾನಿ ಟಿ.ವಿ.ಯಲ್ಲಿ ಹೇಳಿದ ಹತ್ತು ನಿಮಿಷಕ್ಕೆ ದೊಡ್ಡಮ್ಮ ಅಡುಗೆಮನೆಯ ಬಾಗಿಲು ಹಾಕಿಕೊಂಡರು. ಒಳಗೆ ಡಬ್ಬಿಗಳ ಸದ್ದು. ಸಾಸಿವೆ ಡಬ್ಬಿಯಲ್ಲಿ ಹಣ ಇಡುವುದು ಎಲ್ಲ ಮನೆಯಲ್ಲೂ ಇರುವ ಪದ್ಧತಿ, ಗಂಡಸರಿಗೂ ಅದು ಗೊತ್ತು. ದೊಡ್ಡಮ್ಮ ಸಾಸಿವೆ ಡಬ್ಬಿಯಲ್ಲಿ ಸಾಸಿವೆ ಮಾತ್ರ ಇಡುತ್ತಾರೆ. ಹಣ ಇದ್ದದ್ದು ಮೆಂತ್ಯದ ಡಬ್ಬಿಯಲ್ಲಿ, ಇಂಗಿನ ಡಬ್ಬಿಯಲ್ಲಿ, ಹಳೆಯ ಶಾವಿಗೆ ಒತ್ತಿನ ಹೊಟ್ಟೆಯೊಳಗೆ. ಮಾರನೇ ವಾರ ಬ್ಯಾಂಕಿನ ಕೌಂಟರಿನಲ್ಲಿ ಅವರು ನೋಟಿನ ಕಟ್ಟು ಮುಂದಿಟ್ಟಾಗ ಒಳಗಿದ್ದ ಹುಡುಗ ಎರಡು ಸಲ ಸೀನಿ, "ಅಮ್ಮಾ, ಈ ನೋಟಲ್ಲಿ ಸಾರು ಮಾಡ್ಬಹುದು" ಅಂದನಂತೆ. ಮೊತ್ತ ಕೇಳಿ ದೊಡ್ಡಪ್ಪ ಕುರ್ಚಿ ಹಿಡಿದುಕೊಂಡರು. ಮಗಳ ಮದುವೆಯ ವರ್ಷ ಅವರು ಸೊಸೈಟಿಯಲ್ಲಿ ಸಾಲ ಮಾಡಿದ್ದರು. "ಆಗ ಯಾಕೆ ಹೇಳ್ಲಿಲ್ಲ ಕಣೇ?" "ಆಗ ನೀವು ಕಷ್ಟಾಂತ ಹೇಳಿದ್ರಿ. ಇದು ಕಷ್ಟಕ್ಕಲ್ಲ, ತುಂಬಾ ಕಷ್ಟಕ್ಕೆ."

ತುಂಬಾ ಕಷ್ಟ ಎಂದರೆ ಯಾವುದು ಅನ್ನುವುದನ್ನು ಅವರು ಈವರೆಗೆ ಯಾರಿಗೂ ವಿವರಿಸಿಲ್ಲ. 2020ರ ಮಾರ್ಚಿನಲ್ಲಿ ದೇಶವೇ ಬೀಗ ಹಾಕಿಕೊಂಡಾಗ ಇದೇ ಇರಬೇಕು ಅಂದುಕೊಂಡೆವು. ಬೀದಿಯವರೆಲ್ಲ ಸೂಪರ್ ಮಾರ್ಕೆಟ್ಟಿನ ಮುಂದೆ ಬಳಿದ ವೃತ್ತಗಳಲ್ಲಿ ನಿಂತಿದ್ದರು. ದೊಡ್ಡಮ್ಮ ಅಟ್ಟದಿಂದ ಟ್ರಂಕು ಇಳಿಸಿದರು. ಅರಳು ಸಂಡಿಗೆ, ಬಾಳಕದ ಮೆಣಸಿನಕಾಯಿ, ಒಣಗಿಸಿದ ಗೋರಿಕಾಯಿ, ಒಣಗಿಸಿದ ಮಾವಿನಕಾಯಿ ಹೋಳು, ಹುಣಸೆ ಉಂಡೆ. ಅಕ್ಕಪಕ್ಕದ ಮೂರು ಮನೆಗೆ ಹಂಚಿದರು. ಹಂಚಿ, ಡಬ್ಬಿ ವಾಪಸ್ ಬರಬೇಕು ಅಂತ ಗೋಡೆಯ ಮೇಲೆ ಬರೆದಿಟ್ಟರು. ಮೆಂತ್ಯದ ಡಬ್ಬಿಗೆ ಮಾತ್ರ ಕೈ ಹಾಕಲಿಲ್ಲ.

ನೆಂಟರು ದಿಢೀರನೆ ಬಂದರೆ ಸಾರಿಗೆ ನೀರು ಬೆರೆಸುತ್ತಾರೆ ಎಂಬ ಅಪವಾದ ಈ ಜಾತಿಯ ಹೆಂಗಸರ ಮೇಲಿದೆ. ಅದು ಕಲಿಯುತ್ತಿರುವವರ ಕೆಲಸ. ದೊಡ್ಡಮ್ಮ ನೀರು ಮುಟ್ಟುವುದಿಲ್ಲ, ಸೌಟು ಬದಲಾಯಿಸುತ್ತಾರೆ. ಮನೆಯವರಿಗೆ ದೊಡ್ಡ ಸೌಟು, ಒಂದೇ ಸಲ. ನೆಂಟರಿಗೆ ಸಣ್ಣ ಸೌಟು, ಮೂರು ಸಲ. "ಸಾಕು ಸಾಕು" ಅನ್ನುವಷ್ಟು ಉಪಚಾರ ನಡೆದಿರುತ್ತದೆ, ಪಾತ್ರೆಯಲ್ಲಿ ಸಾರು ಇಳಿದಿರುವುದಿಲ್ಲ. ಅದಕ್ಕೂ ಮೊದಲು ಚಟ್ನಿಪುಡಿ, ತುಪ್ಪ, ಬಿಸಿ ಅನ್ನ, ಉಪ್ಪಿನಕಾಯಿ, ಜೊತೆಗೆ ನೆಂಟರ ಊರಿನ ಮಳೆಬೆಳೆಯ ವಿಚಾರಣೆ. ಸಾರು ಬರುವ ಹೊತ್ತಿಗೆ ಅರ್ಧ ಹೊಟ್ಟೆ ತುಂಬಿದೆ. ಹಾಗೆ ಉಂಡು ಹೋದವರು ದೊಡ್ಡಮ್ಮನ ಕೈ ಬಹಳ ಧಾರಾಳ ಅಂತ ಊರೆಲ್ಲ ಹೇಳಿಕೊಂಡು ಬರುತ್ತಾರೆ.

ಈಗ ದೊಡ್ಡಮ್ಮನಿಗೆ ಹೊಸ ಸಂಕಟ. ಮಗನಿಗೆ ಸಂಬಳ ಚೆನ್ನಾಗಿದೆ, ಸೊಸೆಗೆ ಅವನಿಗಿಂತ ಚೆನ್ನಾಗಿದೆ, ಸಾಲ ತೀರಿದೆ, ತಿಂಗಳ ಕೊನೆ ಎನ್ನುವುದೇ ಮನೆಯಿಂದ ಮಾಯವಾಗಿದೆ. ಇಷ್ಟು ಸುಖದಲ್ಲಿ ಅಡುಗೆ ಮಾಡುವುದು ಹೇಗೆ? ಅದಕ್ಕೆ ಅವರೇ ಒಂದು ಉಪಾಯ ಮಾಡಿಕೊಂಡಿದ್ದಾರೆ. ಒಂದನೇ ತಾರೀಖು ಮಗ ಕೊಟ್ಟ ಮನೆಖರ್ಚಿನ ದುಡ್ಡಿನಲ್ಲಿ ಅರ್ಧವನ್ನು ತೆಗೆದು ಎಲ್ಲೋ ಇಡುತ್ತಾರೆ, ಎಲ್ಲಿಟ್ಟೆ ಅಂತ ಮರೆತ ಹಾಗೆ ನಟಿಸುತ್ತಾರೆ, ಇಪ್ಪತ್ತರ ಹೊತ್ತಿಗೆ "ಈ ಸಲ ಯಾಕೋ ಬಿಗಿ" ಎನ್ನುತ್ತಾರೆ. ಮುಖದಲ್ಲಿ ಗೆಲುವು ಬಂದಿರುತ್ತದೆ.

2023ರ ಜೂನ್ 11ರಂದು ಹೆಂಗಸರಿಗೆ ಸರ್ಕಾರಿ ಬಸ್ಸು ಬಿಟ್ಟಿಯಾದ ಮೇಲೆ ಇದಕ್ಕೆ ಇನ್ನಷ್ಟು ರಂಗೇರಿದೆ. ಮನೆಯ ಮುಂದೆ ನಲವತ್ತಕ್ಕೆ ಸಿಗುವ ಬೀನ್ಸನ್ನು ಮೂವತ್ತಕ್ಕೆ ತರಲು ಕೆ.ಆರ್. ಮಾರ್ಕೆಟ್ಟಿಗೆ ಹೋಗುತ್ತಾರೆ. ಕೆ.ಜಿ.ಗೆ ಹತ್ತು ಉಳಿಯಿತು. ಹೋಗುವ ಬಸ್ಸಿನ ದುಡ್ಡು ಉಳಿಯಿತು, ಬರುವ ಬಸ್ಸಿನದೂ ಉಳಿಯಿತು. ಒಂದು ಕೆ.ಜಿ. ಬೀನ್ಸಿಗೆ ಐವತ್ತು ರೂಪಾಯಿ ಲಾಭ ಅಂತ ಲೆಕ್ಕದ ಪುಸ್ತಕದಲ್ಲಿ ಬರೆಯುತ್ತಾರೆ. ಹೆಚ್ಚು ಓಡಾಡಿದಷ್ಟೂ ಹೆಚ್ಚು ಉಳಿಯುತ್ತದೆ ಎಂಬ ಈ ಗಣಿತಕ್ಕೆ ಬಿ.ಕಾಂ. ಓದಿದ ಸೊಸೆ ಮೊದಮೊದಲು ತಕರಾರು ತೆಗೆಯುತ್ತಿದ್ದಳು. ಈಗ ತಾನೇ ಟೋಟಲ್ ಹಾಕಿಕೊಡುತ್ತಾಳೆ. ದೊಡ್ಡಪ್ಪ ಮಾತ್ರ ಬಸ್ ಸ್ಟಾಪಿನವರೆಗೆ ಚೀಲ ಹೊತ್ತು ಅಲ್ಲೇ ನಿಲ್ಲಬೇಕು. ಅವರಿಗೆ ಟಿಕೆಟ್ಟಿದೆ, ಅವರು ಹತ್ತಿದರೆ ಬೀನ್ಸು ದುಬಾರಿಯಾಗುತ್ತದೆ.

ನಿಮ್ಮ ಬಳಗದಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ಊಟಕ್ಕೆ ಹೋಗುವುದಿದ್ದರೆ ಒಂದನೇ ತಾರೀಖು, ಹಬ್ಬ, ಬೋನಸ್ಸು ಬಂದ ವಾರ ಇವೆಲ್ಲ ಬಿಟ್ಟುಬಿಡಿ. ಇಪ್ಪತ್ತೈದರ ಮೇಲೆ ಹೋಗಿ, ಹೇಳದೆ ಹೋಗಿ. ಯಾವ ತರಕಾರಿ ಅಂತ ಮಾತ್ರ ಕೇಳಬೇಡಿ.